ಮೆಂಥೊಲೇಟಮ್ ಡಬ್ಬಿ: ಕೊನೆಗೂ ಕಿತ್ತಳೆ ಬೆಳಕು ಬಂತು

ಬಂತು! ಹಳೆಯ ಮೆಂಥೊಲೇಟಮ್ ಮುಲಾಮಿನ ಹಾಲುಗಾಜಿನ (ಹಾಲಿನಂತೆ ಬಿಳಿಯಾದ ಗಾಜು) ಡಬ್ಬಿಯ ನಕಲನ್ನು ರೆಸಿನ್‌ನಲ್ಲಿ (ಎರಕ ಹೊಯ್ಯುವ ಅಂಟುದ್ರವ) ಮಾಡುತ್ತಿದ್ದೆ. ಈಗ ಆ ರೆಸಿನ್ ಡಬ್ಬಿಯ ಹಿಂದೆ ಟಾರ್ಚ್ ಹಿಡಿದರೆ, ಅಸಲಿ ಗಾಜಿನ ಹಾಗೆಯೇ, ತೆಳ್ಳಗಿನ ಬಾಯಂಚು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಚ್ಚು, ಮುಚ್ಚಳದ ತಿರುಪು, ಉಬ್ಬಕ್ಷರ ಎಲ್ಲ ಯಾವತ್ತೋ ಮುಗಿದಿತ್ತು. ತಲೆ ತಿಂದಿದ್ದು ಆ ಬಿಳಿ ಬಣ್ಣ.

ಎ. ಎ. ಹೈಡ್ ಅವರು ಕಾನ್ಸಾಸ್‌ನ ವಿಚಿಟಾದಲ್ಲಿ 1894ರಲ್ಲಿ ಮಾರಾಟಕ್ಕೆ ತಂದ ಮುಲಾಮು ಇದು. ಮೆಂಥಾಲ್, ಕರ್ಪೂರ, ಪೆಟ್ರೋಲಿಯಂ ಜೆಲ್ಲಿ. ಅದರ ಹಳೆಯ ಹಾಲುಗಾಜಿನ ಡಬ್ಬಿಯನ್ನು ಮ್ಯೂಸಿಯಂನಲ್ಲಿ ಯಾರೂ ಕೈಗೆ ಕೊಡುವುದಿಲ್ಲ. ಮಕ್ಕಳು ಮುಟ್ಟಿ ನೋಡುವಂಥದ್ದು ಒಂದು ಬೇಕು ಅಂತಲೇ ಈ ಕೆಲಸ.

ಟೈಟೇನಿಯಂ ವೈಟ್ ಎಂಬ ಬಿಳಿ ಬಣ್ಣದ ಪುಡಿ ಹಾಕಿದರೆ ಬರೀ ಪ್ಲಾಸ್ಟಿಕ್ ಕಾಣುತ್ತದೆ. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ) ಸುಮಾರು 2.7, ರೆಸಿನ್‌ದು 1.55, ಅಂತರ ಜಾಸ್ತಿ, ಹಾಗಾಗಿ ಬೆಳಕು ಒಳಗೆ ಹೋಗುವ ಮೊದಲೇ ವಾಪಸ್. ಹಾಲುಗಾಜಿನಲ್ಲಿ ಹೆಚ್ಚಾಗಿ ಗಾಜು ತಣಿಯುವಾಗ ಒಳಗೇ ಹುಟ್ಟುವ ಫ್ಲೋರೈಡ್ ಹರಳುಗಳಿರುತ್ತವೆ. ಅವು ತೀರಾ ಸಣ್ಣವಾದಾಗ ನೀಲಿಯನ್ನು ಚದುರಿಸಿ ಕಿತ್ತಳೆಯನ್ನು ಬಿಡುತ್ತವೆ, ಸಂಜೆ ಸೂರ್ಯ ಕೆಂಪಾಗುವುದೂ ಇದರಿಂದಲೇ ಅಲ್ವಾ. ನನಗೆ ಕೆಲಸ ಮಾಡಿದ್ದು ರೆಸಿನ್‌ಗೆ ಹತ್ತಿರದ ಸೂಚ್ಯಂಕದ ಪುಡಿಗಳು: ಅಲ್ಯೂಮಿನಿಯಂ ಹೈಡ್ರಾಕ್ಸೈಡ್ (1.57), ಫ್ಯೂಮ್ಡ್ ಸಿಲಿಕಾ ಎಂಬ ತೀರಾ ಹಗುರ, ನಯವಾದ ಪುಡಿ (1.46), ಮೇಲೆ ಸೂಜಿಮೊನೆಯಷ್ಟು ಟೈಟೇನಿಯಂ.

ಆ ಸಿಲಿಕಾ ತರಿಸುವುದೇ ಒಂದು ಪಾಡು. 250 ಗ್ರಾಂ ಫ್ಯೂಮ್ಡ್ ಸಿಲಿಕಾ ಅಂದರೆ ಸುಮಾರು 5 ಲೀಟರ್ ಜಾಗ ಹಿಡಿಯಬೇಕು, ನನಗೆ ಬಂದಿದ್ದು ಮುಷ್ಟಿಯಷ್ಟು ಪೊಟ್ಟಣ, ಒಳಗೆ ಕಲ್ಲುಪುಡಿ! ಫೋನ್ ಮಾಡಿದರೆ "ಎರಡೂ ಸಿಲಿಕಾನೇ ಸಾರ್" ಅಂದರು. ಸುಮ್ನೆ ಬೇರೆ ಕಡೆ ತರಿಸಿದೆ.

ಸರಿಯಾದದ್ದು ಬಂದ ಮೇಲೆ ಗುಳ್ಳೆಯ ಕಾಟ. ರೆಸಿನ್ ಗಟ್ಟಿ ಮೊಸರಿನ ಹಾಗಾಗಿ ಗಾಳಿಯನ್ನು ಬಿಡುವುದೇ ಇಲ್ಲ. ಹಾರ್ಡನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ಹಾಕುವ ಮೊದಲೇ ಬಿಸಿನೀರಿನಲ್ಲಿ ಪಾತ್ರೆ ಇಟ್ಟು ಪುಡಿ ಕಲಸಿ, ವ್ಯಾಕ್ಯೂಮ್ ಹಾಕಿ ಗಾಳಿ ಎಳೆದು, ಪೂರ್ತಿ ತಣ್ಣಗಾದ ಮೇಲೆ ಹಾರ್ಡನರ್ ಹಾಕಿ ನಿಧಾನ ತಿರುಗಿಸಿದರೆ ಗುಳ್ಳೆ ಇಲ್ಲ, ಆತುರವೂ ಇಲ್ಲ. ಮಾಸ್ಕ್ ಮಾತ್ರ ಬಿಡಬೇಡಿ, ಈ ಪುಡಿ ಉಸಿರಲ್ಲೇ ಹಾರಿಹೋಗುತ್ತದೆ.

ಮುಂದಿನದು ವಿಕ್ಸ್‌ನ ಹಳೆಯ ಕೋಬಾಲ್ಟ್ ನೀಲಿ ಡಬ್ಬಿ, ಅಚ್ಚಿನ ಮೇಣ ಆಗಲೇ ಕರಗಿಸಿಟ್ಟಿದ್ದೇನೆ. ಪಾರದರ್ಶಕ ಬಣ್ಣ, ಈ ಪುಡಿಗಳ ರಗಳೆ ಇರುವುದಿಲ್ಲ.

ಮೆಂಥೊಲೇಟಮ್ ಡಬ್ಬಿಯಲ್ಲಿ ಉಳಿದಿರುವುದು ತೂಕ. ಕೈಗೆತ್ತಿಕೊಂಡರೆ ಹಗುರ, ಗಾಜಿನ ಸಾಂದ್ರತೆ 2.5, ಪುಡಿ ಸೇರಿಸಿದರೂ ರೆಸಿನ್ ಅಲ್ಲಿಗೆ ಮುಟ್ಟುವುದಿಲ್ಲ. ಬೇರಿಯಂ ಸಲ್ಫೇಟ್ ಹಾಕಬೇಕು, ಸಾಂದ್ರತೆ 4.5, ಸೂಚ್ಯಂಕ 1.64, ಬೆಳಕಿಗೂ ಜಾಸ್ತಿ ಅಡ್ಡ ಬರಲ್ಲ. ಕೇಳಿದವರೆಲ್ಲ 25 ಕಿಲೋ ಮೂಟೆಗಿಂತ ಕಡಿಮೆ ಕೊಡಲ್ಲ ಅಂತಾರೆ. ಬಿಡಿಯಾಗಿ ಮಾರುವವರು ಗೊತ್ತಿದ್ದರೆ ಹೇಳಿ.