ಗಂಗಾವತಿ, ಕೊಪ್ಪಳದ ಕಡೆ ಸಿಹಿನೀರಿನ ಸೀಗಡಿ ಹಿಡಿಯಲು ಹೊರಡುವ ಮುನ್ನ

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಕೈಬಲೆ ಇಳಿಸಿದ ಯಾರಿಗಾದರೂ ಅರ್ಧ ಗಂಟೆಯೊಳಗೆ ನಾಲ್ಕು ಸೀಗಡಿ ಸಿಕ್ಕೇ ಸಿಗುತ್ತವೆ. ಆದರೆ ಮನೆಯ ಗಾಜಿನ ತೊಟ್ಟಿಗೆ ಬಿಟ್ಟ ಮೇಲೆ ಅವು ವಾರದೊಳಗೆ ಒಂದೊಂದಾಗಿ ಸತ್ತರೆ ತಪ್ಪು ಬಲೆಯದಲ್ಲ. ಭತ್ತಕ್ಕೆ ಹೊಡೆದ ಔಷಧಿಯೋ, ದಾರಿಯ ಸೆಕೆಯೋ, ಮನೆಯ ಬೋರ್‌ವೆಲ್ ನೀರೋ ಕಾರಣವಾಗಿರುತ್ತದೆ. ಹಾಗಾಗಿ ಸೀಗಡಿ ಎಲ್ಲಿ ಜಾಸ್ತಿ ಇವೆ ಎಂದು ಹುಡುಕುವುದಕ್ಕಿಂತ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ ಜಾಗ ಆರಿಸಬೇಕು.

ಕಾಲ ನವೆಂಬರ್ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯದು. ಮಾರ್ಚ್ ದಾಟಿದರೆ ರಾಯಚೂರು, ಬಳ್ಳಾರಿಯ ಬಿಸಿಲಿಗೆ ಬಕೆಟ್ಟಿನ ನೀರು ಮಧ್ಯಾಹ್ನದೊಳಗೆ 32 ಡಿಗ್ರಿ ದಾಟುತ್ತದೆ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಸೀಗಡಿಗೆ ಬೇಕಾಗುವುದು ಹೆಚ್ಚಾಗುತ್ತದೆ. ಮಳೆಗಾಲದಲ್ಲಿ ಹಳ್ಳಗಳೆಲ್ಲ ಕೆಂಪು ರಾಡಿ. ಕಾಲುವೆಗೆ ನೀರು ಬಿಡುವ, ನಿಲ್ಲಿಸುವ ದಿನಗಳನ್ನು ಮುನಿರಾಬಾದಿನ ನೀರಾವರಿ ಸಲಹಾ ಸಮಿತಿ, ಅಂದರೆ ಪತ್ರಿಕೆಗಳಲ್ಲಿ ಬರುವ ಐಸಿಸಿ ಸಭೆ, ತೀರ್ಮಾನಿಸುತ್ತದೆ. ಆ ಸುದ್ದಿ ನೋಡಿಕೊಂಡೇ ದಿನ ಗೊತ್ತು ಮಾಡಿ. ನೀರು ನಿಂತ ಮೊದಲ ವಾರ ಉಪಕಾಲುವೆಗಳ ತಗ್ಗಿನಲ್ಲಿ ಉಳಿದ ಮಡುಗಳಲ್ಲಿ ಸೀಗಡಿ ಒತ್ತೊತ್ತಾಗಿ ಸೇರಿರುತ್ತವೆ. ಎರಡನೇ ವಾರಕ್ಕೆ ಆ ನೀರು ಕೊಳೆಯಲು ಶುರುವಾಗುತ್ತದೆ, ಆಗ ಹಿಡಿದವು ಮೊದಲೇ ಸೊರಗಿರುತ್ತವೆ. ಹುಣ್ಣಿಮೆಯ ದಿನ ಮಾತ್ರ ಬೇಡ. ಹುಲಿಗೆಮ್ಮನ ಭಕ್ತರಿಂದ ಹುಲಿಗಿ, ಮುನಿರಾಬಾದ್ ದಾರಿಯ ಬಸ್ಸುಗಳು ತುಂಬಿರುತ್ತವೆ, ಬಕೆಟ್ ಹಿಡಿದು ನಿಲ್ಲಲೂ ಜಾಗ ಇರುವುದಿಲ್ಲ.

ಇನ್ನು ಜಾಗದ ಮಾತು. ಮೊದಲು ಬೇಡವಾದವು. ಆನೆಗುಂದಿಯ ಹತ್ತಿರದ ನದಿ ನೋಡಿದರೆ ಯಾರಿಗಾದರೂ ಬಲೆ ಹಾಕುವ ಆಸೆಯಾಗುತ್ತದೆ. ಬಂಡೆ, ಜೊಂಡು, ತಿಳಿನೀರು ಎಲ್ಲ ಇದೆ. ಆದರೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಲಾಗಿದೆ. ಅಲ್ಲಿ ಕೈಬಲೆಯನ್ನೂ ತೆಗೆಯಬೇಡಿ. ಮೊಸಳೆಗಳೂ ಇವೆ. ಕೃಷ್ಣೆಯ ದಂಡೆಯಲ್ಲೂ ಮೊಸಳೆ ಸಾಮಾನ್ಯ, ಆದ್ದರಿಂದ ರಾಯಚೂರು ಕಡೆಯವರು ನದಿ ಬಿಟ್ಟು ಕೆರೆ, ಹಳ್ಳ ನೋಡುವುದೇ ಲೇಸು. ಸಾಣಾಪುರ ಕೆರೆಯಲ್ಲಿ ಹರಿಗೋಲು ಓಡಾಡುವುದನ್ನು ಕಂಡು ಧೈರ್ಯ ಮಾಡಬೇಡಿ, ನೀರು ಹೊರಬೀಳುವ ಕಡೆ ಸೆಳೆತ ಜೋರು. ಸಂಡೂರಿನ ನಾರಿಹಳ್ಳದ ಸುತ್ತ ಅರಣ್ಯವಿದೆ, ಮಳೆ ಬಂದರೆ ಅದಿರಿನ ಧೂಳು ನೀರಿಗೆ ಇಳಿಯುತ್ತದೆ. ಜಲಾಶಯದ ಹಿನ್ನೀರು ಕೆಲವು ವರ್ಷ ಪಾಚಿಯಿಂದ ಹಸಿರು ಬಣ್ಣಕ್ಕೆ ತಿರುಗುತ್ತದೆ, ಆಗ ಅತ್ತ ಹೋಗುವುದೇ ದಂಡ.

ಎಲ್ಲಕ್ಕಿಂತ ಮೋಸದ ಜಾಗ ಬಸಿಗಾಲುವೆ. ಗದ್ದೆಯಿಂದ ಬಸಿದ ನೀರು, ಜೊಂಡು, ಕೆಸರು, ತುಂಬ ಸೀಗಡಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಎಲ್ಲೆಡೆ ಭತ್ತಕ್ಕೆ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್, ಕ್ಲೋರ್‌ಪೈರಿಫಾಸ್ ಹೊಡೆಯುತ್ತಾರೆ. ಸೀಗಡಿಯೂ ಕೀಟಗಳ ದೂರದ ನಂಟೇ ಆದ್ದರಿಂದ ಮೀನು ತಾಳುವಷ್ಟು ಔಷಧಿಗೂ ಅದು ಸಾಯುತ್ತದೆ. ಇವತ್ತು ಅಲ್ಲಿ ಸೀಗಡಿ ಇವೆ ಎಂದರೆ ಕಳೆದ ಕೆಲವು ದಿನ ಹೊಡೆದಿಲ್ಲ ಎಂದಷ್ಟೇ ಅರ್ಥ. ಅಲ್ಲಿನ ಗಿಡವನ್ನೂ ತರಬೇಡಿ, ಎಲೆಗೆ ಅಂಟಿದ್ದು ತೊಟ್ಟಿಗೆ ಬರುತ್ತದೆ.

ಹಾಗಾದರೆ ಎಲ್ಲಿ? ಕಾಲುವೆಯ ಕೊನೇ ಭಾಗ ಬಿಟ್ಟು ತಲೆಯ ಕಡೆಗೆ, ಗದ್ದೆಯ ನೀರು ಇನ್ನೂ ಸೇರದ ಉಪಕಾಲುವೆಗಳಲ್ಲಿ. ಇಲ್ಲವೇ ಕೊಪ್ಪಳ, ಕುಷ್ಟಗಿ, ಕನಕಗಿರಿ ಕಡೆಯ ಮಳೆ ನಂಬಿದ ಊರಕೆರೆಗಳಲ್ಲಿ, ಅದರಲ್ಲೂ ಮೇಲ್ಭಾಗದಲ್ಲಿ ಭತ್ತವಿಲ್ಲದೆ ಜೋಳ, ಸಜ್ಜೆ, ಕಡಲೆ ಇರುವಲ್ಲಿ. ಅಲ್ಲಿಯೂ ಕಡಲೆಗೆ ಔಷಧಿ ಹೊಡೆಯುತ್ತಾರೆ, ಆದರೆ ಅದು ಗದ್ದೆಯ ನೀರಿನಂತೆ ನೇರವಾಗಿ ಹರಿದು ಬರುವುದಿಲ್ಲ. ಕೆರೆಗಳನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅವರನ್ನು ಕೇಳದೆ ಇಳಿಯಬಾರದು. ಕಾಲುವೆಯಾದರೆ ಅಲ್ಲಿನ ಗ್ಯಾಂಗ್‌ಮನ್‌ಗೆ ಒಂದು ಮಾತು. “ಯಜಮಾನ್ರ, ಸಣ್ಣ ಸೀಗಡಿ ಎಲ್ಲಿ ಸಿಗ್ತಾವ್ರಿ? ತಿನ್ನಾಕಲ್ಲ, ಮನ್ಯಾಗ ಸಾಕಾಕ್ರಿ” ಎಂದರೆ ನಕ್ಕು ಜಾಗ ತೋರಿಸುತ್ತಾರೆ. “ಮೊನ್ನೆ ಎಣ್ಣಿ ಹೊಡದೀರೇನ್ರಿ?” ಎಂದು ಪಕ್ಕದ ಹೊಲದವರನ್ನೂ ಕೇಳಿ, ಇಲ್ಲಿ ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ಔಷಧಿ. ಯಾವ ಪರೀಕ್ಷಾ ಕಿಟ್ಟೂ ಕೊಡದ ಉತ್ತರ ಅಲ್ಲಿ ಸಿಗುತ್ತದೆ.

ಬಲೆಯ ಬಾಯಿ ಇಂಗ್ಲಿಷಿನ ಡಿ ಅಕ್ಷರದ ಆಕಾರದಲ್ಲಿದ್ದರೆ ಚಪ್ಪಟೆ ಅಂಚು ನೆಲಕ್ಕೆ ಕೂರುತ್ತದೆ. ಕಣ್ಣು 2 ಮಿ.ಮೀ.ಗಿಂತ ಚಿಕ್ಕದಿರಲಿ, ಸೊಳ್ಳೆಪರದೆಯ ಬಟ್ಟೆ ಸಾಕು. ಹಿಡಿ ನಾಲ್ಕೈದು ಅಡಿ ಇದ್ದರೆ ದಂಡೆಯಿಂದಲೇ ಕೆಲಸವಾಗುತ್ತದೆ. ಇದರ ಜೊತೆಗೆ ಬಿಳಿ ಪ್ಲಾಸ್ಟಿಕ್ ತಟ್ಟೆ, ಮುಚ್ಚಳವಿರುವ 10 ಲೀಟರಿನ ಬಕೆಟ್ ಎರಡು, ಬ್ಯಾಟರಿ ಏರ್‌ಪಂಪು, ಥರ್ಮಾಮೀಟರ್, ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್, ಮೊಣಕಾಲುದ್ದದ ಗಮ್‌ಬೂಟು. ಬೂಟು ಹಾವಿಗಷ್ಟೇ ಅಲ್ಲ, ಗದ್ದೆ ಸೀಮೆಯ ನಿಂತ ನೀರಿನಲ್ಲಿ ಇಲಿಜ್ವರದ ಭಯವೂ ಇದೆ. ಕಾಲಿಗೆ ಗಾಯವಿದ್ದರೆ ಇಳಿಯಬೇಡಿ. ಸಿಮೆಂಟಿನ ಇಳಿಜಾರು ಇರುವ ಮುಖ್ಯ ಕಾಲುವೆಗೆ ನೀರು ಹರಿಯುವಾಗ ಇಳಿಯಲೇಬಾರದು. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ.

ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಕೆಲಸ ಮುಗಿಸಿ. ಸೀಗಡಿಯನ್ನು ಅಟ್ಟಿಸಿಕೊಂಡು ಹೋದರೆ ಸಿಗುವುದಿಲ್ಲ. ಬೆದರಿದರೆ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ ಬಲೆ ಅದರ ಹಿಂದೆ ಇರಬೇಕು, ಮುಂದಿನಿಂದ ಒಂದು ಕಡ್ಡಿ ಆಡಿಸಿದರೆ ಸಾಕು. ಇದಕ್ಕಿಂತ ಸುಲಭ, ತೇಲುವ ಅಂತರಗಂಗೆಯ ಬೇರಿನ ಕೆಳಗೋ ದಂಡೆಯ ಹುಲ್ಲಿನ ಬುಡಕ್ಕೋ ಬಲೆ ತೂರಿಸಿ, ಗಿಡವನ್ನು ಅದರ ಮೇಲೆ ಎಂಟು ಹತ್ತು ಸಲ ಜಾಡಿಸಿ ಎತ್ತುವುದು. ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಅದರೊಳಗೆ ಬಲೆ ಮಗುಚಿ.

ಆರಿಸುವ ಕೆಲಸಕ್ಕೆ ಅವಸರ ಬೇಡ. ತೊಟ್ಟಿಗೆ ಬೇಕಾದದ್ದು ಕ್ಯಾರಿಡಿನಾ ಜಾತಿಯದು. ಎರಡರಿಂದ ಮೂರು ಸೆಂ.ಮೀ. ಉದ್ದ, ಮುಂದಿನ ಎರಡು ಜೊತೆ ಕಾಲು ಗಿಡ್ಡ, ಅವುಗಳ ತುದಿಯಲ್ಲಿ ಕೂದಲಿನ ಕುಚ್ಚು. ಅದು ಆ ಕುಚ್ಚಿನಿಂದ ಎಲೆಯ ಮೇಲಿನ ಪಾಚಿಯನ್ನು ಬಿಡುವಿಲ್ಲದೆ ಗುಡಿಸಿ ಬಾಯಿಗೆ ಹಾಕಿಕೊಳ್ಳುತ್ತಿರುತ್ತದೆ. ಎರಡನೇ ಜೊತೆ ಕಾಲು ಉದ್ದವಾಗಿ ತುದಿಗೆ ಇಕ್ಕಳವಿದ್ದರೆ ಅದು ಮ್ಯಾಕ್ರೋಬ್ರಾಕಿಯಂ. ಅದರಲ್ಲಿ ಲಮಾರೈ ಎಂಬುದು ಗಾಜಿನಂತೆ ಪಾರದರ್ಶಕ, ಚಿಕ್ಕದಾಗೇ ಉಳಿಯುತ್ತದೆ. ಮಾಲ್ಕಮ್‌ಸೋನಿಯ ಮರಿಯೂ ಚಿಕ್ಕಂದಿನಲ್ಲಿ ಸಾಧುವಿನಂತೆ ಕಾಣುತ್ತದೆ, ಬೆಳೆದರೆ ಗೇಣುದ್ದ ಮೀರಿ ತೊಟ್ಟಿಯ ಮೀನಿಗೇ ಕೈಹಾಕುತ್ತದೆ. ಇವೆರಡನ್ನೂ ಕ್ಯಾರಿಡಿನಾ ಜೊತೆ ಒಂದೇ ಬಕೆಟ್ಟಿಗೆ ಹಾಕಬೇಡಿ, ಮನೆ ಮುಟ್ಟುವುದರೊಳಗೆ ಲೆಕ್ಕ ತಪ್ಪುತ್ತದೆ.

ಕಿವಿರಿನ ಒಂದು ಪಕ್ಕ ಗಂಟಿನಂತೆ ಉಬ್ಬಿದ್ದರೆ ಒಳಗೆ ಪರಾವಲಂಬಿ ಇದೆ, ಬಿಟ್ಟುಬಿಡಿ. ಮೂತಿಯ ಮೇಲೆ ಬಿಳಿ ಎಳೆ, ಹೊಟ್ಟೆಯಡಿ ಹಸಿರು ತುಪ್ಪಳ ಕಂಡವೂ ಬೇಡ. ಹೊಟ್ಟೆಯಡಿ ಮೊಟ್ಟೆ ಹೊತ್ತವನ್ನು ತರುವ ಆಸೆ ಎಲ್ಲರಿಗೂ, ಆದರೆ ದಾರಿಯ ಗಾಬರಿಗೆ ಅವು ಮೊಟ್ಟೆ ಉದುರಿಸುತ್ತವೆ. ಒಂದು ಜಾಗದಿಂದ ಇಪ್ಪತ್ತು ಇಪ್ಪತ್ತೈದು ಸಾಕು. ಏರೋಪ್ಲೇನ್ ಚಿಟ್ಟೆಯ ಮರಿಹುಳ, ಜಿಗಣೆ ಒಂದೂ ಬಕೆಟ್ಟಿಗೆ ಬರದಂತೆ ನೋಡಿ. ಆ ಮರಿಹುಳ ಒಂದು ಬಂದರೂ ತಿಂಗಳೊಳಗೆ ತೊಟ್ಟಿ ಖಾಲಿ.

ಒಂದು ಬಕೆಟ್ಟಿಗೆ 5 ಲೀಟರ್ ಅದೇ ಜಾಗದ ನೀರು, ಇಪ್ಪತ್ತೈದು ಸೀಗಡಿ, ಹಿಡಿದು ಕೂರಲು ಒಂದು ತುಂಡು ಪ್ಲಾಸ್ಟಿಕ್ ಜಾಲರಿ. ಹಿಡಿಯಲು ಏನೂ ಇಲ್ಲದಿದ್ದರೆ ಈಜಿ ಈಜಿ ದಣಿದು ಸಾಯುತ್ತವೆ. ಮೇವು ಹಾಕಬೇಡಿ. ಇನ್ನೊಂದು ಬಕೆಟ್ಟಿನಲ್ಲಿ ಅದೇ ನೀರು ತುಂಬಿಕೊಂಡರೆ ದಾರಿಯಲ್ಲಿ ಬದಲಿಸಲೂ, ಮನೆಯಲ್ಲಿ ಒಗ್ಗಿಸಲೂ ಆಗುತ್ತದೆ. ನೀರು 28 ಡಿಗ್ರಿ ದಾಟಿದರೆ ಐಸ್ ಕಟ್ಟಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬಕೆಟ್ಟಿನ ಹೊರಗೆ ಒತ್ತಿ ಇಡಿ, ಒಳಗೆ ಹಾಕಬೇಡಿ. ಬಸ್ಸಿನಲ್ಲಿ ಡ್ರೈವರ್ ಪಕ್ಕ ಜಾಗ ಸಿಕ್ಕಿತೆಂದು ಇಂಜಿನ್ ಬಾನೆಟ್ ಹತ್ತಿರ ಇಡಬೇಡಿ, ಅಲ್ಲಿ ಅರ್ಧ ಗಂಟೆಯಲ್ಲಿ ನೀರು ಕಾಯುತ್ತದೆ.

ಮನೆಯಲ್ಲಿ ಸ್ಪಂಜ್ ಫಿಲ್ಟರ್ ಇರುವ 30 ಲೀಟರಿನ ಬೇರೆ ತೊಟ್ಟಿ ತಿಂಗಳ ಮೊದಲೇ ಓಡುತ್ತಿರಬೇಕು. ಹಿಡಿದ ಜಾಗದ ಟಿಡಿಎಸ್ ಬರೆದುಕೊಂಡಿರುತ್ತೀರಿ, ಬೋರ್‌ವೆಲ್ ನೀರಿನದನ್ನೂ ಅಳೆಯಿರಿ. ನಮ್ಮ ಕಡೆ ಬೋರಿನ ನೀರು ಬಹಳ ಗಡಸು. ಆರ್‌ಒ ನೀರು ಬೆರೆಸಿ ಕೆರೆಯ ಅಳತೆಗೆ ಹತ್ತಿರ ತನ್ನಿ. ನಳದ ನೀರಾದರೆ ಆ್ಯಂಟಿಕ್ಲೋರಿನ್ ಹಾಕಿ. ಸಣ್ಣ ಏರ್‌ಪೈಪಿಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಹನಿಯಂತೆ ತೊಟ್ಟಿಯ ನೀರನ್ನು ಬಕೆಟ್ಟಿಗೆ ಇಳಿಸಿ, ನೀರು ಎರಡರಷ್ಟಾಗುವವರೆಗೆ ಬಿಡಿ. ರಾತ್ರಿಯೆಲ್ಲ ಹಿಡಿಯುತ್ತದೆ, ಪಂಪು ಓಡುತ್ತಿದ್ದರೆ ತೊಂದರೆ ಇಲ್ಲ. ಆಮೇಲೆ ಸೀಗಡಿಯನ್ನು ಮಾತ್ರ ತೊಟ್ಟಿಗೆ ಬಿಡಿ, ಬಕೆಟ್ಟಿನ ನೀರನ್ನು ಗಿಡಕ್ಕೆ ಹಾಕಿ.

ಮೊದಲ ಮೂರು ದಿನದಲ್ಲಿ ಸತ್ತರೆ ಸೆಕೆ ಅಥವಾ ಒಗ್ಗಿಸಿದ್ದರಲ್ಲಿ ದೋಷ. ಎಲ್ಲವೂ ಒಟ್ಟಿಗೆ ಸುತ್ತು ಸುತ್ತು ಈಜಿ, ಬೆನ್ನ ಮೇಲೆ ಬಿದ್ದು ಕಾಲಾಡಿಸಿದರೆ ಔಷಧಿ. ಎರಡನೇ ವಾರ ಕುತ್ತಿಗೆಯ ಹತ್ತಿರ ಬಿಳಿ ಉಂಗುರ ಕಂಡು ಒಂದೊಂದೇ ಸತ್ತರೆ ಪೊರೆ ಕಳಚಲಾಗಿಲ್ಲ, ಸಾಮಾನ್ಯವಾಗಿ ಒಮ್ಮೆಲೇ ಹೆಚ್ಚು ನೀರು ಬದಲಿಸಿದ್ದರ ಫಲ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ಬದಲಿಸಿದರೆ ಸಾಕು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಈ ತೊಟ್ಟಿಯ ಹತ್ತಿರವೂ ಬರಬಾರದು. ಮೇವಿಗೆ ಒಣಗಿದ ಕಾಡುಬಾದಾಮಿ ಎಲೆ ಒಂದು, ವಾರಕ್ಕೆರಡು ಸಲ ಬೇಯಿಸಿದ ಪಾಲಕ್ಕಿನ ಒಂದು ಚೂರು.

ಹೆಚ್ಚಾದವನ್ನು ಬೇರೆ ಕೆರೆಗೆ ಬಿಡಬೇಡಿ, ತೊಟ್ಟಿಯ ರೋಗ ಅವುಗಳ ಜೊತೆ ಹೋಗುತ್ತದೆ. ಏಪ್ರಿಲ್ ಬಂದಾಗ ತೊಟ್ಟಿಯ ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿ. ಇಲ್ಲಿನ ಒಣಹವೆಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರೂ ಬೇಗ ಆರುತ್ತದೆ, ಉಪ್ಪು ಮಾತ್ರ ತೊಟ್ಟಿಯಲ್ಲೇ ಉಳಿಯುತ್ತದೆ, ಹಾಗಾಗಿ ಕಡಿಮೆಯಾದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿಸಿ.