ಒಂಬತ್ತೂವರೆಯ ಅಂಕಿ: ಬ್ರಿಟನ್ನಿನಲ್ಲಿ ಮಕ್ಕಳ ಬಡತನದ ಸುದ್ದಿ ತಯಾರಾಗುವ ಬಗೆ

ಮಾರ್ಚ್ ಮುಗಿಯುತ್ತ ಬಂದಾಗ ಒಂದು ದಿನ ಬೆಳಿಗ್ಗೆ ಸರಿಯಾಗಿ 9.30ಕ್ಕೆ ಬ್ರಿಟನ್ನಿನ ಕೆಲಸ ಮತ್ತು ಪಿಂಚಣಿ ಇಲಾಖೆ ದೇಶದ ಕುಟುಂಬಗಳ ವರಮಾನದ ಅಂಕಿಅಂಶ ಬಿಡುಗಡೆ ಮಾಡುತ್ತದೆ. ಮಕ್ಕಳ ಬಡತನದ ವಿರುದ್ಧ ದನಿಯೆತ್ತುವ ಸಂಸ್ಥೆಗಳ ಸಂವಹನ ವಿಭಾಗಕ್ಕೆ ಇಡೀ ವರ್ಷದಲ್ಲಿ ಅದೇ ದೊಡ್ಡ ದಿನ. ತಮ್ಮದೇ ವರದಿಯಾದರೆ ಪತ್ರಕರ್ತರಿಗೆ ಎರಡು ದಿನ ಮೊದಲೇ ಕೊಟ್ಟು, ರಾತ್ರಿ 00.01ರವರೆಗೆ ಪ್ರಕಟಿಸಬೇಡಿ ಎಂದು ಎಂಬಾರ್ಗೊ ಹಾಕಬಹುದು. ಸರ್ಕಾರದ ಅಂಕಿಗೆ ಆ ಅನುಕೂಲವಿಲ್ಲ. ಟಿವಿ ಚಾನೆಲ್ಲಿಗೂ ಇಂಥ ಸಂಸ್ಥೆಗಳಲ್ಲಿ ಕೆಲಸ ಮಾಡುವ ನಮಗೂ ಅದು ಕಣ್ಣಿಗೆ ಬೀಳುವುದು ಒಂದೇ ಗಳಿಗೆಯಲ್ಲಿ.

ಹಾಗಾಗಿ ಹಿಂದಿನ ವಾರವೇ ಮೂರು ಪ್ರೆಸ್ ನೋಟ್ ಬರೆದಿಟ್ಟಿರುತ್ತಾರೆ: ಏರಿದರೆ ಒಂದು, ಇಳಿದರೆ ಒಂದು, ಅಲ್ಲೇ ನಿಂತಿದ್ದರೆ ಇನ್ನೊಂದು. ಅಂಕಿಯ ಜಾಗ ಖಾಲಿ. 9.30ಕ್ಕೆ ಸಂಶೋಧನಾ ವಿಭಾಗದ ಒಬ್ಬರು ಸ್ಪ್ರೆಡ್‌ಶೀಟ್ ತೆರೆದು ಅಂಕಿ ಓದುತ್ತಾರೆ. ಎರಡನೆಯವರು ಅದೇ ಕೋಷ್ಟಕವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ತಾಳೆ ನೋಡುತ್ತಾರೆ. ಮೂರನೆಯವರು ಟೈಪ್ ಮಾಡುತ್ತಾರೆ. ಹತ್ತು ಗಂಟೆಯೊಳಗೆ ಪ್ರೆಸ್ ನೋಟ್ ಹೊರಟಿರಬೇಕು, ಇಲ್ಲವಾದರೆ ಮಧ್ಯಾಹ್ನದ ಸುದ್ದಿಯಲ್ಲಿ ಬೇರೆಯವರ ಮಾತು ಬರುತ್ತದೆ. ಇಳಿದರೆ ಏನು ಹೇಳುವುದೆಂದು ಮೊದಲೇ ಯೋಚಿಸದ ಸಂಸ್ಥೆಗಳು ಆ ದಿನ ತಡಬಡಾಯಿಸುತ್ತವೆ. ಅಂಕಿ ಇಳಿದದ್ದನ್ನು ಒಪ್ಪಿಕೊಳ್ಳಲು ಮುಜುಗರಪಟ್ಟರೆ ಮುಂದಿನ ವರ್ಷ ಏರಿದಾಗ ಯಾರೂ ನಂಬುವುದಿಲ್ಲ.

2025ರ ಮಾರ್ಚ್ 27ರಂದು ಬಂದ ಅಂಕಿ ಹೀಗಿತ್ತು: 2023-24ರಲ್ಲಿ ಬ್ರಿಟನ್ನಿನ ಸುಮಾರು 44.5 ಲಕ್ಷ ಮಕ್ಕಳು, ಅಂದರೆ ನೂರಕ್ಕೆ 31 ಮಂದಿ, ಬಡತನದಲ್ಲಿದ್ದರು. ಅವರಲ್ಲಿ ನೂರಕ್ಕೆ 72 ಮಕ್ಕಳ ಮನೆಯಲ್ಲಿ ಒಬ್ಬರಾದರೂ ದುಡಿಯುವವರಿದ್ದರು. ಊರಿನಲ್ಲಿ ಇದನ್ನು ಓದಿದವರಿಗೆ ಮೊದಲು ಬರುವ ಪ್ರಶ್ನೆ, ಅಷ್ಟು ಶ್ರೀಮಂತ ದೇಶದಲ್ಲಿ ಇದೆಂಥ ಬಡತನ ಎಂಬುದು. ಬ್ರಿಟನ್ನಿನಲ್ಲಿ ಬಿಪಿಎಲ್ ಕಾರ್ಡಿನಂಥದ್ದಿಲ್ಲ. ದೇಶದ ಎಲ್ಲ ಕುಟುಂಬಗಳನ್ನು ವರಮಾನದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತ ಕುಟುಂಬದ ವರಮಾನದ ನೂರಕ್ಕೆ 60ಕ್ಕಿಂತ ಕೆಳಗಿದ್ದರೆ ಬಡತನ ಎನ್ನುತ್ತಾರೆ. ಸಾಲು ನಿಲ್ಲಿಸುವ ಮೊದಲು ತಲೆ ಲೆಕ್ಕವೂ ಇದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ 1 ಎಂದಾದರೆ, 14 ವರ್ಷದೊಳಗಿನ ಪ್ರತಿ ಮಗುವಿಗೆ 0.2 ಸೇರಿಸುತ್ತಾರೆ. ಇಬ್ಬರು ಚಿಕ್ಕ ಮಕ್ಕಳಿದ್ದರೆ 1.4. ಮನೆಯ ವರಮಾನವನ್ನು ಅದರಿಂದ ಭಾಗಿಸಿದ ಮೇಲೆಯೇ ಹೋಲಿಕೆ.

ಈ ಲೆಕ್ಕ ಎರಡು ಬಗೆಯಲ್ಲಿ ಬರುತ್ತದೆ: ಮನೆಯ ಖರ್ಚು, ಅಂದರೆ ಬಾಡಿಗೆ, ಮನೆ ಸಾಲದ ಬಡ್ಡಿ ಇತ್ಯಾದಿ ಕಳೆಯುವ ಮುನ್ನ ಒಂದು, ಕಳೆದ ಮೇಲೆ ಇನ್ನೊಂದು. 31 ಎನ್ನುವುದು ಕಳೆದ ಮೇಲಿನದು. ಮಂತ್ರಿಗಳ ಕಚೇರಿ ಅನುಕೂಲ ನೋಡಿಕೊಂಡು ಮೊದಲನೆಯದನ್ನು ಹಿಡಿಯುವುದುಂಟು. ಲಂಡನ್ನಿನಂಥ ಊರಿನಲ್ಲಿ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಹೋಗುವುದರಿಂದ ಕಳೆದ ಮೇಲಿನ ಲೆಕ್ಕವೇ ನಿಜಕ್ಕೆ ಹತ್ತಿರ ಎಂಬುದು ನಮ್ಮ ಅಭಿಪ್ರಾಯ. ಆದರೆ ಯಾವುದನ್ನೇ ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿದಿರಬೇಕು. ಮೊದಲ ಪ್ಯಾರಾದಲ್ಲಿ ಒಂದು, ಜಿಲ್ಲೆಯ ಪಟ್ಟಿಯಲ್ಲಿ ಇನ್ನೊಂದು ಬಳಸಿದರೆ ಸಂಜೆಯೊಳಗೆ ಯಾರಾದರೂ ಪತ್ತೆ ಹಚ್ಚುತ್ತಾರೆ.

ಎಡವುವ ಜಾಗಗಳು ಇನ್ನೂ ಇವೆ. ಅಂಕಿ ಹೊರಬರುವ ಹೊತ್ತಿಗೆ ಅದಕ್ಕೆ ಒಂದು ವರ್ಷ ವಯಸ್ಸಾಗಿರುತ್ತದೆ. 2025ರ ಮಾರ್ಚ್‌ನಲ್ಲಿ ಬಂದದ್ದು 2024ರ ಮಾರ್ಚ್‌ಗೆ ಮುಗಿದ ವರ್ಷದ ಚಿತ್ರ. ಲೇಬರ್ ಸರ್ಕಾರ ಬಂದದ್ದು 2024ರ ಜುಲೈನಲ್ಲಿ. ಈ ಸರ್ಕಾರದ ಅವಧಿಯಲ್ಲಿ ಬಡತನ ಏರಿತು ಎಂದು ಆ ದಿನ ಬರೆದವರು ಶುದ್ಧ ತಪ್ಪು ಬರೆದಂತೆ. ಅದೇ ರೀತಿ, ಪ್ರಾದೇಶಿಕ ಅಂಕಿಗಳು ಮೂರು ವರ್ಷಗಳ ಸರಾಸರಿ. ಅವನ್ನು ಒಂದೇ ವರ್ಷದ ದೇಶದ ಅಂಕಿಯ ಪಕ್ಕ ಇಟ್ಟು ಹೋಲಿಸುವಂತಿಲ್ಲ. ಇನ್ನು ಆರ್ಥಿಕ ಹಿಂಜರಿತ ಬಂದಾಗ ನಡುವಿನ ಕುಟುಂಬದ ವರಮಾನವೇ ಕುಸಿದು, ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬೀಳದೆಯೂ ಬಡತನದ ಪ್ರಮಾಣ ಇಳಿದುಬಿಡಬಹುದು. ರೇಡಿಯೋ ಸಂದರ್ಶನಕ್ಕೆ ಹೋಗುವವರ ಕೈಯಲ್ಲಿ ಇವೆಲ್ಲಕ್ಕೂ ಒಂದೊಂದು ವಾಕ್ಯದ ಉತ್ತರ ಇರುವ ಹಾಳೆಯೊಂದನ್ನು ಕೊಟ್ಟೇ ಕಳಿಸಬೇಕು.

ಅಂಕಿಗಿಂತ ಹೆಚ್ಚು ಗೊಂದಲ ಕಾನೂನಿನಲ್ಲಿದೆ. 2017ರ ಏಪ್ರಿಲ್ 6ರಂದು ಅಥವಾ ಆಮೇಲೆ ಹುಟ್ಟಿದ ಮೂರನೆಯ ಮತ್ತು ನಂತರದ ಮಗುವಿಗೆ, ಕಡಿಮೆ ವರಮಾನದವರಿಗೆ ಸರ್ಕಾರ ಕೊಡುವ ನೆರವಾದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಮಗುವಿನ ಪಾಲು ಕೊಡುವುದಿಲ್ಲ ಎಂಬ ನಿಯಮ ಬಂತು. ಮಗುವೊಂದಕ್ಕೆ ವರ್ಷಕ್ಕೆ ಸುಮಾರು 3,500 ಪೌಂಡ್ ನಷ್ಟ. ಇದು ಎರಡು ಮಕ್ಕಳ ಮಿತಿ. 2013ರಿಂದ ಇರುವ ಬೆನಿಫಿಟ್ ಕ್ಯಾಪ್ ಬೇರೆಯೇ: ಮಕ್ಕಳೆಷ್ಟೇ ಇರಲಿ, ಕೆಲಸವಿಲ್ಲದ ಅಥವಾ ತೀರ ಕಡಿಮೆ ದುಡಿಯುವ ಕುಟುಂಬಕ್ಕೆ ಒಟ್ಟು ನೆರವು ಲಂಡನ್ನಿನಲ್ಲಿ ವರ್ಷಕ್ಕೆ 25,323 ಪೌಂಡ್, ಹೊರಗೆ 22,020 ಪೌಂಡ್ ದಾಟುವಂತಿಲ್ಲ. ಮಕ್ಕಳಿರುವ ಮನೆಗೆ ಬೇರೆಯಾಗಿ ಕೊಡುವ ಚೈಲ್ಡ್ ಬೆನಿಫಿಟ್ ಎನ್ನುವುದು ಮೂರನೆಯದು. ಅದಕ್ಕೆ ಎರಡು ಮಕ್ಕಳ ಮಿತಿ ಯಾವತ್ತೂ ಇರಲಿಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಈ ಮೂರೂ ಕಲಸಿ ಒಂದಾಗುತ್ತವೆ. ಪ್ರೆಸ್ ಆಫೀಸರ್ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ತಿದ್ದಿಸುವುದು ಇದನ್ನೇ.

ತಿದ್ದಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 2025ರ ನವೆಂಬರ್ 26ರ ಬಜೆಟ್ ಒಳ್ಳೆಯ ಉದಾಹರಣೆ. ಹಣಕಾಸು ಮಂತ್ರಿ ರೇಚಲ್ ರೀವ್ಸ್ ಎರಡು ಮಕ್ಕಳ ಮಿತಿಯನ್ನು 2026ರ ಏಪ್ರಿಲ್‌ನಿಂದ ತೆಗೆಯುವುದಾಗಿ ಘೋಷಿಸಿದರು. 2029-30ರ ವೇಳೆಗೆ ನಾಲ್ಕೂವರೆ ಲಕ್ಷ ಮಕ್ಕಳು ಬಡತನದಿಂದ ಹೊರಬರುತ್ತಾರೆಂದು ಸರ್ಕಾರದ ಅಂದಾಜು. ಎಂಟು ವರ್ಷ ಇದಕ್ಕಾಗಿ ಹೊಡೆದಾಡಿದವರಿಗೆ ಸಂಭ್ರಮ ಸಹಜ. ಆದರೆ ಬೆನಿಫಿಟ್ ಕ್ಯಾಪ್ ಹಾಗೇ ಉಳಿಯಿತು. ಕ್ಯಾಪ್‌ಗೆ ಈಗಾಗಲೇ ತಲೆ ತಾಗಿದ ಕುಟುಂಬಕ್ಕೆ ಮೂರನೆಯ ಮಗುವಿನ ಪಾಲು ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಇಂಥ ದಿನ ಗೆಲುವಿನ ಹೇಳಿಕೆಯ ಜೊತೆಗೆ, ಯಾರಿಗೆ ಎಷ್ಟು ಸಿಗುತ್ತದೆ, ಯಾವಾಗಿನಿಂದ, ಯಾರಿಗೆ ಏನೂ ಸಿಗುವುದಿಲ್ಲ ಎಂಬ ಒಂದು ಪುಟವನ್ನು ಕುಟುಂಬಗಳಿಗಾಗಿಯೇ ಬರೆದು ಹಾಕಬೇಕು. ಇಲ್ಲವಾದರೆ ತಾಯಂದಿರು ಟಿವಿ ನೋಡಿ ಮುಂದಿನ ತಿಂಗಳೇ ದುಡ್ಡು ಬರುತ್ತದೆಂದು ಲೆಕ್ಕ ಹಾಕಿ ಸಾಲ ಮಾಡುತ್ತಾರೆ.

ಬ್ರಿಟನ್ ಎಂದು ಒಟ್ಟಾಗಿ ಬರೆಯುವುದೂ ಅಪಾಯವೇ. ಸ್ಕಾಟ್ಲೆಂಡಿನಲ್ಲಿ 2021ರಲ್ಲಿ ವಾರಕ್ಕೆ 10 ಪೌಂಡ್‌ನಿಂದ ಶುರುವಾದ ಪ್ರತ್ಯೇಕ ಮಕ್ಕಳ ನೆರವು 2022ರ ನವೆಂಬರಿಗೆ 25 ಆಗಿ, ಯೂನಿವರ್ಸಲ್ ಕ್ರೆಡಿಟ್‌ನಂಥ ನೆರವು ಪಡೆಯುವ ಮನೆಗಳ 16ರೊಳಗಿನವರಿಗೆ ವಿಸ್ತರಿಸಿತು. ಶಾಲೆಯ ಊಟ ವೇಲ್ಸ್‌ನಲ್ಲಿ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಉಚಿತ. ಇಂಗ್ಲೆಂಡಿನಲ್ಲಿ ಮೊದಲ ಮೂರು ತರಗತಿ ದಾಟಿದ ಮೇಲೆ, ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಮನೆಯ ದುಡಿಮೆ ವರ್ಷಕ್ಕೆ 7,400 ಪೌಂಡ್ ಮೀರಬಾರದೆಂಬ ನಿಯಮ 2018ರಿಂದ ಇತ್ತು. 2026ರ ಸೆಪ್ಟೆಂಬರಿನಿಂದ ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಎಲ್ಲರಿಗೂ ಕೊಡುವುದೆಂದು ಸರ್ಕಾರ 2025ರ ಜೂನ್‌ನಲ್ಲಿ ಹೇಳಿತು. ಹಾಗಾಗಿ ಉತ್ತರ ಐರ್ಲೆಂಡೂ ಸೇರಿ ಒಂದೇ ಪ್ರೆಸ್ ನೋಟ್‌ಗೆ ನಾಲ್ಕು ರೂಪ ಬೇಕಾಗುತ್ತದೆ. ಎಡಿನ್‌ಬರೋದ ಪತ್ರಿಕೆಗೆ ಇಂಗ್ಲೆಂಡಿನ ಊಟದ ನಿಯಮ ಕಳಿಸಿದರೆ ಅವರು ಓದುವುದೂ ಇಲ್ಲ.

ಪತ್ರಕರ್ತರು ಅಂಕಿಯನ್ನು ಕೇಳಿಸಿಕೊಂಡ ಮರುಕ್ಷಣ ಕೇಳುವುದು, ಒಂದು ಕುಟುಂಬ ಕೊಡಿ, ಮೂರು ಗಂಟೆಯೊಳಗೆ, ಆದಷ್ಟು ಫೋಟೋ ಸಮೇತ. ಈ ಕೆಲಸದಲ್ಲಿ ನಿಜವಾದ ಹಾನಿ ಆಗುವುದು ಇಲ್ಲಿಯೇ. ಅಂಕಿ ತಪ್ಪಾದರೆ ತಿದ್ದುಪಡಿ ಹಾಕಬಹುದು, ಒಬ್ಬ ತಾಯಿಯ ಬದುಕು ಬಯಲಿಗೆ ಬಿದ್ದರೆ ಹಿಂದಕ್ಕೆ ತರಲಾಗುವುದಿಲ್ಲ.

ಕುಟುಂಬವನ್ನು ಸಂವಹನ ವಿಭಾಗ ನೇರವಾಗಿ ಸಂಪರ್ಕಿಸುವ ಕ್ರಮವಿಲ್ಲ. ಅವರಿಗೆ ಪರಿಚಯವಿರುವ ಸಲಹೆಗಾರರೋ ಉಚಿತವಾಗಿ ದಿನಸಿ ಕೊಡುವ ಫುಡ್ ಬ್ಯಾಂಕಿನವರೋ ಮೊದಲು ಕೇಳುತ್ತಾರೆ. ನೆರವು ಪಡೆಯಲು ಬಂದ ದಿನವೇ ಕೇಳಬಾರದು. ಇಲ್ಲ ಎಂದರೆ ನೆರವು ತಪ್ಪೀತೆಂದು ಹೆದರಿ ಹೂಂ ಎನ್ನುತ್ತಾರೆ. ಒಪ್ಪಿದ ಮೇಲೆ, ಅವರು ಹೇಳಲಿರುವ ಕಥೆಯನ್ನು ಬೆನಿಫಿಟ್ ಕಾನೂನು ಬಲ್ಲವರೊಬ್ಬರು ಓದಬೇಕು. ಈ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅಕ್ಕ ಆಗಾಗ ಕೈಗೆ ಸ್ವಲ್ಪ ಕಾಸು ಕೊಡುತ್ತಾಳೆ, ಶನಿವಾರ ಒಂದು ಮನೆಯಲ್ಲಿ ಕ್ಲೀನಿಂಗ್ ಮಾಡುತ್ತೇನೆ, ಮಕ್ಕಳ ತಂದೆ ವಾರಕ್ಕೆ ಮೂರು ರಾತ್ರಿ ಇಲ್ಲೇ ಇರುತ್ತಾರೆ: ಮನಬಿಚ್ಚಿ ಹೇಳುವ ಇಂಥ ಮಾತುಗಳಲ್ಲಿ ಮೊದಲನೆಯದು ನಿರಪಾಯ ಇರಬಹುದು, ಉಳಿದೆರಡು ಪತ್ರಿಕೆಯಲ್ಲಿ ಬಂದರೆ ಇಲಾಖೆಯ ವಿಚಾರಣೆಯ ಕಾಗದ ಮನೆಗೆ ಬರಬಹುದು. ವೀಸಾ ಮೇಲೆ ಇರುವವರಾದರೆ ಇನ್ನೂ ಸೂಕ್ಷ್ಮ.

ಒಪ್ಪಿಗೆ ಪತ್ರದಲ್ಲಿ ಒಂದೇ ಸಹಿ ಸಾಲದು. ಪತ್ರಿಕೆಗೆ, ರೇಡಿಯೋಗೆ, ಟಿವಿಗೆ, ಸಂಸ್ಥೆಯ ಸೋಷಿಯಲ್ ಮೀಡಿಯಾಗೆ, ದೇಣಿಗೆ ಕೇಳುವ ಪತ್ರಕ್ಕೆ ಬೇರೆ ಬೇರೆ ಟಿಕ್ ಇರಬೇಕು. ಎಷ್ಟು ಕಾಲ ಎಂಬುದೂ ಇರಬೇಕು. ಎರಡು ವರ್ಷ ಮೀರದಿರುವುದು ಒಳ್ಳೆಯದು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂದು ಹೇಳುವಾಗಲೇ, ಅಚ್ಚಾದದ್ದನ್ನು ಅಳಿಸಲು ನಮ್ಮಿಂದಾಗದು ಎಂದೂ ಬಾಯಿಬಿಟ್ಟು ಹೇಳಬೇಕು. 16ರೊಳಗಿನ ಮಗುವನ್ನು ಅದರ ಕ್ಷೇಮಕ್ಕೆ ಸಂಬಂಧಿಸಿದ ವಿಷಯದಲ್ಲಿ ಮಾತಾಡಿಸಲು, ಫೋಟೋ ತೆಗೆಯಲು ಹೆತ್ತವರ ಅಥವಾ ಜವಾಬ್ದಾರ ಹಿರಿಯರ ಒಪ್ಪಿಗೆ ಬೇಕೆಂದು ಪತ್ರಿಕೆಗಳ ಸಂಪಾದಕರ ಸಂಹಿತೆಯ 6ನೇ ಕಲಮೇ ಹೇಳುತ್ತದೆ. ಅದು ಕನಿಷ್ಠ. ಹತ್ತು ಹನ್ನೆರಡರ ಮಗುವನ್ನು ಬೇರೆಯಾಗಿ ಕೂರಿಸಿ ಕೇಳಿ. ನಾಳೆ ಕ್ಲಾಸಿನಲ್ಲಿ ಉತ್ತರ ಕೊಡಬೇಕಾದ್ದು ಅದು.

ಫೋಟೋ ಬಂದ ಮೇಲೆ ದೊಡ್ಡದು ಮಾಡಿ ಮೂಲೆಗಳನ್ನು ನೋಡಬೇಕು: ಸ್ವೆಟರಿನ ಮೇಲೆ ಶಾಲೆಯ ಲಾಂಛನ, ಕಿಟಕಿಯಾಚೆ ಬಸ್ ಸ್ಟಾಪಿನ ಹೆಸರು, ಫ್ರಿಜ್ಜಿಗೆ ಅಂಟಿಸಿದ ಆಸ್ಪತ್ರೆಯ ಕಾಗದ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳಿಗೆ ಆ ಬಸ್ ಸ್ಟಾಪ್ ಸಾಕು. ಹಿಂದಿನ ದೊಡ್ಡ ಟಿವಿಯೂ ಲೆಕ್ಕಕ್ಕೆ ಬರುತ್ತದೆ. ವೆಬ್‌ಸೈಟಿನ ಕಾಮೆಂಟಿನವರು ಅದನ್ನೇ ಹಿಡಿದು ಜಗ್ಗುತ್ತಾರೆ, ಅದು ಹತ್ತು ವರ್ಷ ಹಳೆಯದೆಂದು ಅವರಿಗೆ ಯಾರೂ ಹೇಳುವುದಿಲ್ಲ. ಪ್ರಕಟವಾಗುವ ಬೆಳಿಗ್ಗೆ ಆ ತಾಯಿಗೆ ಫೋನ್ ಮಾಡಿ ಕಾಮೆಂಟ್ ಓದಬೇಡಿ ಎನ್ನಬೇಕು, ಸಂಜೆ ಇನ್ನೊಮ್ಮೆ ಮಾಡಬೇಕು. ಬಸ್ಸು, ಮಕ್ಕಳನ್ನು ನೋಡಿಕೊಳ್ಳುವ ಖರ್ಚು ರಸೀದಿ ಇಟ್ಟು ಕೊಡಿ. ಅದಕ್ಕೂ ಮೀರಿ ಗೌರವಧನ ಕೊಡುವುದಾದರೆ ಅದು ಅವರ ಯೂನಿವರ್ಸಲ್ ಕ್ರೆಡಿಟ್‌ಗೆ ಕತ್ತರಿ ಹಾಕುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.

ರಾಜಕೀಯದ ಗೆರೆಯೂ ಗೊತ್ತಿರಬೇಕು. ನೋಂದಾಯಿತ ಚಾರಿಟಿ ಕಾನೂನು ಬದಲಿಸಿ ಎಂದು ಕೂಗಬಹುದು, ಇಂಥ ಪಕ್ಷಕ್ಕೆ ಮತ ಹಾಕಿ ಎನ್ನುವಂತಿಲ್ಲ. 2014ರ ಲಾಬಿಯಿಂಗ್ ಕಾನೂನಿನಂತೆ, ಸಾರ್ವತ್ರಿಕ ಚುನಾವಣೆಗೆ ಮುಂಚಿನ 12 ತಿಂಗಳಲ್ಲಿ ಮತದಾರರ ಮನವೊಲಿಸುವಂತೆ ಕಾಣುವ ಪ್ರಚಾರಕ್ಕೆ ನಿಗದಿತ ಮಿತಿ ಮೀರಿ ಖರ್ಚು ಮಾಡಿದರೆ ಚುನಾವಣಾ ಆಯೋಗದಲ್ಲಿ ನೋಂದಾಯಿಸಬೇಕು. ತಮಾಷೆಯೆಂದರೆ ಚುನಾವಣೆ ಯಾವಾಗ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. 2024ರ ಮೇ 22ರಂದು ಘೋಷಣೆಯಾಗಿ ಜುಲೈ 4ಕ್ಕೆ ಮತದಾನ ನಡೆದಾಗ, ಲೆಕ್ಕ ಹಿಂದಿನ ವರ್ಷದ ಜುಲೈಗೆ ಹೋಗಿ ನಿಂತಿತು. ಕರಪತ್ರ, ಜಾಹೀರಾತು, ಸಿಬ್ಬಂದಿಯ ಸಮಯ ಎಲ್ಲವನ್ನೂ ಯಾವಾಗಲೂ ಬರೆದಿಡುವ ಅಭ್ಯಾಸ ಇದ್ದವರು ಮಾತ್ರ ನಿರಾಳವಾಗಿದ್ದರು. ಎಂಪಿಗಳ ಜೊತೆ ಕೆಲಸ ಮಾಡುವುದಾದರೆ ದೇಶದ ಅಂಕಿಗಿಂತ ಅವರ ಕ್ಷೇತ್ರದ ಅಂಕಿ ಹೆಚ್ಚು ಕೆಲಸ ಮಾಡುತ್ತದೆ. ಹಾಗೆಂದು ಪವಾಡ ನಿರೀಕ್ಷಿಸಬೇಡಿ: 2024ರ ಜುಲೈನಲ್ಲಿ ಎರಡು ಮಕ್ಕಳ ಮಿತಿ ತೆಗೆಯಿರೆಂಬ ತಿದ್ದುಪಡಿಯ ಪರ ಮತ ಹಾಕಿದ ಏಳು ಲೇಬರ್ ಎಂಪಿಗಳನ್ನು ಅವರ ಪಕ್ಷ ಸಂಸದೀಯ ಗುಂಪಿನಿಂದ ಅಮಾನತು ಮಾಡಿತು.

ಊರಿನಿಂದ ಈ ಕೆಲಸಕ್ಕೆ ಬರಬೇಕೆನ್ನುವವರಿಗೆ ಎರಡು ಮಾತು. ಅರ್ಜಿಯಲ್ಲಿ ಸಿವಿಗಿಂತ ಮುಖ್ಯ, ಜಾಹೀರಾತಿನಲ್ಲಿ ಕೇಳಿರುವ ಅರ್ಹತೆಗಳ ಪಟ್ಟಿಗೆ ಒಂದೊಂದಾಗಿ ಉದಾಹರಣೆ ಸಮೇತ ಉತ್ತರಿಸುವುದು. ಸಂದರ್ಶನದ ದಿನ ಉದ್ದನೆಯ ವರದಿಯೊಂದನ್ನು ಕೊಟ್ಟು ಮುಕ್ಕಾಲು ಗಂಟೆಯಲ್ಲಿ ಪ್ರೆಸ್ ನೋಟ್ ಬರೆಯಿಸುವುದು ಸಾಮಾನ್ಯ. ಇಂಗ್ಲಿಷ್ ಸೊಗಸಾಗಿಲ್ಲದಿದ್ದರೂ ನಡೆಯುತ್ತದೆ, ಅಂಕಿಯ ಪಕ್ಕ ಯಾವ ವರ್ಷ, ಬಾಡಿಗೆ ಕಳೆದದ್ದೋ ಕಳೆಯದ್ದೋ ಎಂದು ಬರೆಯದಿದ್ದರೆ ನಡೆಯುವುದಿಲ್ಲ.

ವೀಸಾ ದೊಡ್ಡ ಅಡ್ಡಿ. ಸ್ಕಿಲ್ಡ್ ವರ್ಕರ್ ವೀಸಾಗೆ 2025ರ ಜುಲೈ 22ರಿಂದ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್. ಚಾರಿಟಿಗಳಲ್ಲಿ ಹೊಸಬರಿಗೆ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಕೆಳಗೆ. ಇಲ್ಲೇ ಓದಿದವರು ಗ್ರಾಜುಯೇಟ್ ವೀಸಾದ ಅವಧಿಯಲ್ಲಿ ಸೇರಿಕೊಂಡು ಮೇಲೇರುವುದೇ ಹೆಚ್ಚು ನಡೆಯುವ ದಾರಿ. ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಆ ಅವಧಿ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಚಾರಿಟಿ ವರ್ಕರ್ ವೀಸಾ ಎಂಬ ಹೆಸರು ನೋಡಿ ಮೋಸಹೋಗಬೇಡಿ, ಅದು ಸಂಬಳವಿಲ್ಲದ ಸ್ವಯಂಸೇವೆಗೆ ಮಾತ್ರ. ಅರ್ಜಿ ಹಾಕುವ ಮೊದಲು ಆ ಸಂಸ್ಥೆ ಹೋಮ್ ಆಫೀಸಿನ, ಅಂದರೆ ಗೃಹ ಇಲಾಖೆಯ, ಪ್ರಾಯೋಜಕರ (ವಿದೇಶಿಯರನ್ನು ಕೆಲಸಕ್ಕೆ ಕರೆಸಲು ಅನುಮತಿ ಪಡೆದವರ) ಪಟ್ಟಿಯಲ್ಲಿದೆಯೇ ನೋಡಿ. ಪಟ್ಟಿ ಎಲ್ಲರಿಗೂ ತೆರೆದಿದೆ, ಐದು ನಿಮಿಷದ ಕೆಲಸ.