ಬಳ್ಳಾರಿಯಲ್ಲಿ ಮನೆಗೆ, ಅಂಗಡಿಗೆ ಫೈಬರ್ ಹಾಕಿಸಬೇಕೆ, ಟವರಿನ ಇಂಟರ್ನೆಟ್ ಸಾಕೆ?

ಬಳ್ಳಾರಿಯಲ್ಲಿ ಹೊಸ ಮನೆಗೆ ಹೋಗುವವರಾಗಲಿ, ಜೀನ್ಸ್ ಹೊಲಿಗೆಯ ಘಟಕ ತೆರೆಯುವವರಾಗಲಿ, ಕರೆಂಟಿನ ಮೀಟರ್ ಕೂತ ಕೂಡಲೇ ವಿಚಾರಿಸುವುದು ಇಂಟರ್ನೆಟ್ಟನ್ನು. 2022ರ ಅಕ್ಟೋಬರಿನಲ್ಲಿ ದೇಶದಲ್ಲಿ 5ಜಿ ಶುರುವಾಯಿತು. ಮರುವರ್ಷವೇ ಏರ್‌ಟೆಲ್ ಮತ್ತು ಜಿಯೋ ‘ಏರ್‌ಫೈಬರ್’ ಹೆಸರಿನಲ್ಲಿ ಟವರಿನಿಂದ ನೇರವಾಗಿ ಮನೆಗೆ ಸಂಪರ್ಕ ಕೊಡತೊಡಗಿದವು. ಅಂದಿನಿಂದ ನೆಂಟರು, ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಯಾವುದು ಫಾಸ್ಟ್? ಈ ಪ್ರಶ್ನೆಯಿಂದ ಹೊರಟವರಿಗೆ ಸರಿಯಾದ ಉತ್ತರ ಸಿಗುವುದು ಕಷ್ಟ. ನಮ್ಮಿಂದ ಹೊರಗೆ ಹೋಗುವ ಡೇಟಾ ಎಷ್ಟು, ಸಂಪರ್ಕ ಕೆಟ್ಟಾಗ ಸರಿಪಡಿಸಲು ಬರುವವರು ಯಾರು ಎಂಬುದನ್ನು ಮೊದಲು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮನೆಗಳಿಗೆ ಬರುವ ಫೈಬರ್ ಬಹುಪಾಲು ಜಿಪಾನ್ ಎಂಬ ವ್ಯವಸ್ಥೆಯದು. ಕಂಪನಿಯ ಯಂತ್ರದ ಒಂದು ಪೋರ್ಟಿನಿಂದ ಹೊರಟ ಒಂದೇ ಗಾಜಿನ ಎಳೆ ದಾರಿಯಲ್ಲಿ ಸ್ಪ್ಲಿಟರ್ ಮೂಲಕ 32 ಅಥವಾ 64 ಕವಲುಗಳಾಗಿ ಮನೆಮನೆಗೆ ಹಂಚಿಹೋಗುತ್ತದೆ. ಆ ಪೋರ್ಟಿಗೆ ಸೆಕೆಂಡಿಗೆ ಡೌನ್‌ಲೋಡ್ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್ ಸುಮಾರು 1.25 ಗಿಗಾಬಿಟ್ ಇರುತ್ತದೆ. 32 ಮನೆಯವರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದುಕೊಂಡರೂ ಈ ಹಂಚಿಕೆಯ ಮಟ್ಟದಲ್ಲಿ ಒಬ್ಬೊಬ್ಬರ ಪಾಲಿಗೆ 75 ಎಂಬಿಪಿಎಸ್‌ಗಿಂತ (ಸೆಕೆಂಡಿಗೆ ಮೆಗಾಬಿಟ್) ಹೆಚ್ಚೇ ಉಳಿಯುತ್ತದೆ. ಟವರಿನ ಲೆಕ್ಕ ಹೀಗೆ ಮುಂಚಿತವಾಗಿ ಹಾಕಲು ಬರುವುದಿಲ್ಲ. ಅದರ ಒಂದು ದಿಕ್ಕಿನ ಆಂಟೆನಾ ಎಷ್ಟು ಜನರನ್ನು ಹೊತ್ತಿದೆ ಎಂಬುದು ಆ ಹೊತ್ತಿಗೆ ಆ ಕಡೆ ಎಷ್ಟು ಫೋನುಗಳಿವೆ ಎಂಬುದರ ಮೇಲೆ ನಿಂತಿದೆ, ಜಾತ್ರೆಯಿದ್ದರೆ ಒಂದು, ಕ್ರಿಕೆಟ್ ಪಂದ್ಯವಿದ್ದರೆ ಇನ್ನೊಂದು. ಅಲ್ಲದೆ 5ಜಿಗೆ ಹೆಚ್ಚಾಗಿ ಬಳಸುವ 3,300 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ಗೋಡೆ ದಾಟುವಾಗ ಬಹಳ ಕುಗ್ಗುತ್ತವೆ. ನಮ್ಮೂರಿನ ಕಲ್ಲುಗುಡ್ಡ ಟವರಿಗೂ ಮನೆಗೂ ಅಡ್ಡವಿದ್ದರಂತೂ ಎರಡು ಬೀದಿಗಳ ನಡುವೆಯೇ ಸಿಗ್ನಲ್ಲಿನಲ್ಲಿ ಅಜಗಜಾಂತರ. ಮಳೆ ಬಂದರೆ ಏರ್‌ಫೈಬರ್ ನಿಂತುಹೋಗುತ್ತದೆ ಎಂದು ಹೆದರುವವರಿದ್ದಾರೆ. ಈ ತರಂಗಾಂತರದಲ್ಲಿ ಮಳೆಯಿಂದಾಗುವ ನಷ್ಟ ತೀರಾ ಕಡಿಮೆ, ಟವರಿನ ಸಿಗ್ನಲ್ ಹಿಡಿಯಲು ಮಾಳಿಗೆಯ ಮೇಲೆ ಇಡುವ ಡಬ್ಬಿಯ ಮುಖ ಗಾಳಿಗೆ ತಿರುಗದಂತೆ ಬಿಗಿಯಾಗಿ ಕೂರಿಸಿದರೆ ಸಾಕು.

ವ್ಯಾಪಾರಕ್ಕೆ ಮುಖ್ಯವಾದದ್ದು ಅಪ್‌ಲೋಡ್. ನನ್ನ ತಮ್ಮನ ಜೀನ್ಸ್ ಘಟಕ ಕೌಲ್ ಬಜಾರಿನಲ್ಲಿದೆ. ಹೊರರಾಜ್ಯದ ವ್ಯಾಪಾರಿಗಳಿಗೆ ಅವನು ಹೊಸ ಪ್ಯಾಟರ್ನಿನ ವಿಡಿಯೊ ಕಳಿಸುತ್ತಾನೆ, ಬಟ್ಟೆಯ ಬಣ್ಣವನ್ನು ವಿಡಿಯೊ ಕರೆಯಲ್ಲಿ ತೋರಿಸುತ್ತಾನೆ, 50,000 ರೂಪಾಯಿ ದಾಟಿದ ಸರಕು ಲಾರಿ ಹತ್ತುವ ಮುಂಚೆ ಆನ್‌ಲೈನಿನಲ್ಲಿ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಪತ್ರ) ತೆಗೆಯುತ್ತಾನೆ. ಇವುಗಳಲ್ಲಿ ಬಿಲ್ಲಿಗೆ ಡೇಟಾ ಹೆಚ್ಚು ಬೇಡ, ಆದರೆ ಆ ಗಳಿಗೆಯಲ್ಲಿ ಸಂಪರ್ಕ ಇರಲೇಬೇಕು. ವಿಡಿಯೊಗಳಿಗೆ ಬೇಕಾದದ್ದು ಅಪ್‌ಲೋಡ್. ಮೇಲೆ ಹೇಳಿದ 3,300 ಮೆಗಾಹರ್ಟ್ಸ್ ಆಸುಪಾಸಿನ 5ಜಿಯಲ್ಲಿ ಒಂದೇ ತರಂಗಾಂತರವನ್ನು ಡೌನ್‌ಲೋಡ್ ಮತ್ತು ಅಪ್‌ಲೋಡ್ ಸರದಿಯ ಮೇಲೆ ಬಳಸುತ್ತವೆ, ಮತ್ತು ಸಮಯದ ಬಹುಪಾಲನ್ನು ಡೌನ್‌ಲೋಡಿಗೇ ಮೀಸಲಿಟ್ಟಿರುತ್ತಾರೆ. ಆದ್ದರಿಂದ ಫೋನಿನಲ್ಲಿ 200 ಎಂಬಿಪಿಎಸ್ ಡೌನ್‌ಲೋಡ್ ಕಂಡು ಹಿಗ್ಗಿದವರು ಅದರ ಕೆಳಗಿನ ಅಪ್‌ಲೋಡ್ ಅಂಕಿಯನ್ನೂ ಓದಬೇಕು. ಫೈಬರಿನಲ್ಲಿ ಹೋಗುವ ಬೆಳಕಿಗೂ ಬರುವ ಬೆಳಕಿಗೂ ಬೇರೆ ಬೇರೆ ತರಂಗ ಇರುವುದರಿಂದ ಒಂದು ಇನ್ನೊಂದರ ಸಮಯವನ್ನು ಕಸಿಯುವುದಿಲ್ಲ.

ಕ್ಯಾಮೆರಾ ಇಟ್ಟವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಂತೆ ಹಗಲಿರುಳು ಕ್ಲೌಡಿಗೆ ಕಳಿಸಿದರೆ ದಿನಕ್ಕೆ 21 ಜಿಬಿ ಮೀರಿ, ತಿಂಗಳಿಗೆ ಸುಮಾರು 650 ಜಿಬಿ ಆಗುತ್ತದೆ. ಅನ್‌ಲಿಮಿಟೆಡ್ ಎಂದು ಮಾರುವ ಪ್ಲಾನುಗಳಿಗೂ ತಿಂಗಳ ಮಿತಿಯೊಂದು ಇರುತ್ತದೆ. ಮನೆಯ ಫೈಬರ್ ಪ್ಲಾನಿಗೆ ಹೋಲಿಸಿದರೆ ಏರ್‌ಫೈಬರಿನ ಮಿತಿ ಸಾಮಾನ್ಯವಾಗಿ ಬಹಳ ಕಡಿಮೆ, ಅದು ಮುಗಿದ ಮೇಲೆ ವೇಗ ಇಳಿಸುತ್ತಾರೆ. ಅಂತಹ ಎರಡು ಕ್ಯಾಮೆರಾ ಇದ್ದರೆ 1,000 ಜಿಬಿಯ ಮಿತಿಯೂ ತಿಂಗಳು ಮುಗಿಯುವ ಮೊದಲೇ ಖಾಲಿ. ರೆಕಾರ್ಡಿಂಗನ್ನು ಅಂಗಡಿಯ ಡಿವಿಆರ್ ಎಂಬ ರೆಕಾರ್ಡರ್ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಬೇಕೆಂದಾಗ ಮಾತ್ರ ಫೋನಿನಲ್ಲಿ ನೋಡುವವರಿಗೆ ಈ ಚಿಂತೆಯಿಲ್ಲ. ಹೊರಗಿನಿಂದ ಅಂಗಡಿಯ ಕಂಪ್ಯೂಟರಿಗೆ ನೇರವಾಗಿ ಸೇರಿ ಟ್ಯಾಲಿಯಲ್ಲಿನ ಲೆಕ್ಕಪತ್ರ ನೋಡಬೇಕೆನ್ನುವವರು ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಕೊಡುವ ಬಿಸಿನೆಸ್ ಫೈಬರ್ ಪ್ಲಾನನ್ನೇ ಕೇಳುವುದು ಒಳ್ಳೆಯದು.

ಇಷ್ಟಾದರೂ ಫೈಬರ್ ಎಂದು ಹೇಳಿ ಕೊಡುವುದೆಲ್ಲ ಮನೆಯೊಳಗಿನವರೆಗೂ ಫೈಬರ್ ಆಗಿರುವುದಿಲ್ಲ. ಕೆಲವು ಕಡೆ ಗಾಜಿನ ಎಳೆ ಬೀದಿಯ ಕಂಬಕ್ಕೋ ಯಾರದೋ ಮಾಳಿಗೆಗೋ ಬಂದು ನಿಲ್ಲುತ್ತದೆ. ಅಲ್ಲಿ ಸಂಪರ್ಕವನ್ನು ಹಲವು ಮನೆಗಳಿಗೆ ಹಂಚುವ ಸ್ವಿಚ್ ಎಂಬ ಡಬ್ಬಿ ಇಟ್ಟು ಮುಂದಕ್ಕೆ ತಾಮ್ರದ ಲ್ಯಾನ್ ವೈರ್ ಎಳೆಯುತ್ತಾರೆ. ಆ ಸ್ವಿಚ್ಚಿಗೆ ಕರೆಂಟ್ ಬೇಕು. ನಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಆ ಕಂಬದ ಹತ್ತಿರ ಕರೆಂಟ್ ಹೋಯಿತೆಂದರೆ ಇಂಟರ್ನೆಟ್ಟೂ ಹೋಯಿತು. ತಾಮ್ರದ ತಂತಿಯಾದ್ದರಿಂದ ಸಿಡಿಲಿನ ಹೊಡೆತದ ಭಯವೂ ಸೇರಿಕೊಳ್ಳುತ್ತದೆ. ಜಿಪಾನ್ ಸ್ಪ್ಲಿಟರಿಗೆ ಕರೆಂಟೇ ಬೇಡ. ಕಂಪನಿಯ ಕಡೆ ಬ್ಯಾಟರಿ ಇದ್ದು, ಮನೆಯ ಮೋಡೆಮ್ಮಿಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಕೂಡಿಸಿದರೆ, ಏಪ್ರಿಲ್ ಮೇ ತಿಂಗಳ ಪವರ್ ಕಟ್‌ನಲ್ಲಿಯೂ ಸಂಪರ್ಕ ಉಳಿಯುತ್ತದೆ. ಹಣ ಕಟ್ಟುವ ಮುಂಚೆ “ಮನೆಯೊಳಗೆ ಬರುವುದು ಫೈಬರ್ ಎಳೆಯೋ, ಲ್ಯಾನ್ ವೈರೋ?” ಎಂದು ನೇರವಾಗಿ ಕೇಳಿರಿ.

ಫೈಬರಿನ ನಿಜವಾದ ದೌರ್ಬಲ್ಯ ಅದು ಕಡಿಯುತ್ತದೆ ಎಂಬುದು. ಚರಂಡಿಗೆ, ನೀರಿನ ಪೈಪಿಗೆ ರಸ್ತೆ ಅಗೆಯುವ ಜೆಸಿಬಿ, ಎತ್ತರಕ್ಕೆ ಹುಲ್ಲು ಹೇರಿಕೊಂಡು ಬರುವ ಟ್ರ್ಯಾಕ್ಟರ್, ತಂತಿ ಹಿಡಿದು ಜೋಲಾಡುವ ಕೋತಿ, ಯಾವುದಾದರೂ ಸಾಕು. ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಕಡಿದಾಗ ಮೋಡೆಮ್ಮಿನಲ್ಲಿ ಸಿಗ್ನಲ್ ಬರುತ್ತಿಲ್ಲ ಎಂದು ಸೂಚಿಸುವ ಎಲ್‌ಓಎಸ್ ದೀಪ ಕೆಂಪಾಗಿ ಮಿನುಗತೊಡಗಿತು. ಬಂದ ಹುಡುಗ ಕಂಬದ ಬುಡದಲ್ಲಿ ಸ್ಪ್ಲೈಸಿಂಗ್ ಯಂತ್ರವಿಟ್ಟು, ಎಳೆಯ ಮೇಲಿನ ಬಣ್ಣದ ಹೊದಿಕೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಎರಡೂ ತುದಿಗಳನ್ನು ಎದುರುಬದುರು ಕೂರಿಸಿದ. ಬೆಳಕು ಹರಿಯುವ ಒಳತಿರುಳು 9 ಮೈಕ್ರಾನ್ ಮಾತ್ರ, ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಯಂತ್ರ ಕಿಡಿ ಹಾರಿಸಿ ಅವೆರಡನ್ನು ಬೆಸೆದ ಮೇಲೆ ಅವನು ನಮ್ಮ ಮನೆಗೆ ಬಂದು ಮೀಟರ್ ಹಚ್ಚಿ ನೋಡಿ, “ಅಣ್ಣಾ, ಪವರ್ ಮೈನಸ್ ಇಪ್ಪತ್ತೊಂಬತ್ತು ತೋರಿಸ್ತೈತೆ, ಇನ್ನೊಂದ್ಸಲ ಜಾಯಿಂಟ್ ಹೊಡೀಬೇಕು” ಎಂದು ಮರಳಿ ಹೋಗಿ ಸರಿಮಾಡಿದ. ಅದು ಮನೆಗೆ ತಲುಪುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುವ ಅಂಕಿ; ಸಾಮಾನ್ಯವಾಗಿ ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಆ ಅಂಕಿಯನ್ನು ನೋಡದೆ ಹೋಗುವವರೂ ಇದ್ದಾರೆ. ಹೀಗೆ ನಿಂತು ಕೆಲಸ ಮಾಡುವ ಒಬ್ಬ ಹುಡುಗ ನಿಮ್ಮ ಬಡಾವಣೆಯಲ್ಲಿದ್ದರೆ ಆ ಕಂಪನಿಯದನ್ನೇ ಹಾಕಿಸಿಕೊಳ್ಳಿ, ತಿಂಗಳಿಗೆ ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ. ಯಾರ ಸಂಪರ್ಕ ಎಷ್ಟು ದಿನ ಕೆಟ್ಟು ನಿಂತಿತ್ತು ಎಂಬುದನ್ನು ಪಕ್ಕದ ಮನೆಯವರು ಜಾಹೀರಾತಿಗಿಂತ ಚೆನ್ನಾಗಿ ಹೇಳುತ್ತಾರೆ.

ಟವರಿನ ಇಂಟರ್ನೆಟ್ಟನ್ನು ನಾನು ಮನಸ್ಸಿಟ್ಟು ಶಿಫಾರಸು ಮಾಡುವ ಸಂದರ್ಭಗಳೂ ಇವೆ. ಸಿರುಗುಪ್ಪ ತಾಲೂಕಿನ ಅತ್ತೆಯವರ ಊರಿನಲ್ಲಿ ಮನೆ ಊರಾಚೆಯ ಗದ್ದೆಯ ಪಕ್ಕದಲ್ಲಿದೆ. ಪಂಚಾಯಿತಿಯವರೆಗೆ ಸರ್ಕಾರದ ಭಾರತ್‌ನೆಟ್ ಯೋಜನೆಯ ಫೈಬರ್ ಬಂದಿದ್ದರೂ ಅಲ್ಲಿಂದ ಮನೆಗೆ ಕೇಬಲ್ ಎಳೆಯಲು ಯಾರೂ ಮುಂದೆ ಬರಲಿಲ್ಲ. ಟವರ್ ಕಣ್ಣಿಗೆ ಕಾಣುತ್ತದೆ, ನಡುವೆ ಮರವಿಲ್ಲ, ಬಳಸುವವರೂ ಕಡಿಮೆ. ಮಕ್ಕಳ ಆನ್‌ಲೈನ್ ಪಾಠಕ್ಕೆ, ಟಿವಿಗೆ ಅದು ಚೆನ್ನಾಗಿ ನಡೆಯುತ್ತಿದೆ. ವರ್ಷಕ್ಕೊಮ್ಮೆ ಮನೆ ಬದಲಿಸುವ ಬಾಡಿಗೆದಾರರಿಗೂ, ಗೋಡೆಗೆ ತೂತು ಹೊಡೆಯಲು ಮಾಲೀಕರು ಒಪ್ಪದ ಕಡೆಗೂ ಇದೇ ಸರಿ.

ಅಂಗಡಿ ಇಟ್ಟವರಿಗೆ ಫೈಬರ್ ಮುಖ್ಯ ಸಂಪರ್ಕವಾಗಿರಲಿ, ಅದು ಕಡಿದ ದಿನಕ್ಕೆ ಬೇರೆ ಕಂಪನಿಯ ಒಂದು ಸಿಮ್ಮಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಒಂದೇ ಕಂಪನಿಯದಾದರೆ ಮುಖ್ಯ ಕೇಬಲ್ ಕಡಿದಾಗ ಅದೇ ಕೇಬಲ್ಲನ್ನು ನೆಚ್ಚಿದ ಟವರೂ ಸುಮ್ಮನಾಗುವ ಸಂಭವವಿದೆ. ಏರ್‌ಫೈಬರ್ ಹಾಕಿಸುವ ಮನಸ್ಸಿದ್ದವರು ಅದೇ ಕಂಪನಿಯ 5ಜಿ ಫೋನನ್ನು ಮಾಳಿಗೆಗೆ ಒಯ್ದು, ಬೆಳಗಿನ ಹನ್ನೊಂದಕ್ಕಲ್ಲ, ರಾತ್ರಿ ಎಂಟರಿಂದ ಹತ್ತರ ನಡುವೆ, ಬೇರೆ ಬೇರೆ ದಿನ ಪರೀಕ್ಷಿಸಲಿ. ಅಪ್‌ಲೋಡನ್ನೂ ಪಿಂಗನ್ನೂ (ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ) ಬರೆದಿಟ್ಟುಕೊಳ್ಳಲಿ. ಜಾಹೀರಾತಿನ ದರಕ್ಕೆ ಸಾಮಾನ್ಯವಾಗಿ 18 ಶೇಕಡ ಜಿಎಸ್‌ಟಿ ಮೇಲೆ ಸೇರುತ್ತದೆ. ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ಇನ್‌ಸ್ಟಾಲೇಶನ್ ಉಚಿತ ಎಂದು ಒತ್ತಾಯಿಸಿದರೂ, ಸಿಗುವುದಾದರೆ ಮೊದಲು ಒಂದು ತಿಂಗಳಿನ ಪ್ಲಾನನ್ನೇ ತೆಗೆದುಕೊಳ್ಳಿ.